ಆಯುಧದ ಹದ

ಮಹಾನವಮಿಯ ದಿನ ಪಶ್ಚಿಮ ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಸದ್ದು ಅಡಗಿರುತ್ತದೆ. ಹಿಂದಿನ ದಿನವೇ ಕಾರ್ಮಿಕರು ಲೇತ್‌ಗಳ ಜಿಡ್ಡನ್ನು ಒರೆಸಿ, ಕಬ್ಬಿಣದ ಸುರುಳಿ ಚೂರುಗಳನ್ನು ಗುಡಿಸಿ, ಸುತ್ತಿಗೆ, ಅರ, ಉಳಿ, ಸ್ಪ್ಯಾನರ್, ವರ್ನಿಯರ್ ಕ್ಯಾಲಿಪರ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಬಾಗಿಲಿಗೆ ಬಾಳೆಕಂದು, ಯಂತ್ರಕ್ಕೆ ಸೇವಂತಿಗೆಯ ಹಾರ, ಉಪಕರಣಗಳಿಗೆ ಅರಿಸಿನ ಕುಂಕುಮ. ಮಂಗಳಾರತಿಯಾದ ಮೇಲೆ ಬೂದುಗುಂಬಳಕಾಯಿಯನ್ನು ಒಡೆದು, ನೆರೆದವರಿಗೆಲ್ಲ ಕಡಲೆಪುರಿ ಹಂಚುತ್ತಾರೆ. ಈ ಪೂಜೆಯಿಂದ ಲೇತ್ ಮರುದಿನ ಹೆಚ್ಚು ನುಣುಪಾಗಿ ಕಡೆಯುತ್ತದೆಂದು ಅವರಾರೂ ಲೆಕ್ಕ ಹಾಕುವುದಿಲ್ಲ. ಆದರೆ ಲೋಹದ ವಸ್ತುವಿನೊಳಗೆ ಲೋಹವನ್ನು ಮೀರಿದ ಶಕ್ತಿಯೊಂದು ನೆಲೆಸಬಹುದೆಂಬ ಭಾವನೆ ಬಹಳ ಪ್ರಾಚೀನವಾದುದು.

ಅದೇ ಭಾವನೆ ಈಗ ಗಣಕಯಂತ್ರದ ಪರದೆಯ ಮೇಲೂ ಕಾಣಿಸಿಕೊಂಡಿದೆ. ರಜೆಯ ಆ ಸಂಜೆ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಒಂದು ಮನೆಯಲ್ಲಿ ಹುಡುಗನೊಬ್ಬ ವೀಡಿಯೋ ಆಟದಲ್ಲಿ ಮುಳುಗಿದ್ದಾನೆಂದು ಭಾವಿಸೋಣ. ಅವನು ಆಡುತ್ತಿರುವುದು 2011ರಲ್ಲಿ ಅಮೆರಿಕದ ಬೆಥೆಸ್ಡ ಸಂಸ್ಥೆ ಹೊರತಂದ ‘ಸ್ಕೈರಿಮ್’ ಎಂಬ ಆಟ. ಹಿಮಾವೃತವಾದ ಕಲ್ಪಿತ ನಾಡೊಂದರಲ್ಲಿ ಆಟಗಾರನು ಒಬ್ಬ ವೀರನ ಪಾತ್ರವನ್ನು ವಹಿಸಿ, ಡ್ರ್ಯಾಗನ್‌ಗಳೊಡನೆ ಕಾದಾಡುತ್ತಾನೆ. ಸಾಧಾರಣ ಕತ್ತಿಗೆ ಬೆಂಕಿಯ ಗುಣವನ್ನು, ಸಾಧಾರಣ ಕವಚಕ್ಕೆ ಚಳಿಯನ್ನು ತಡೆಯುವ ಗುಣವನ್ನು ತುಂಬುವ ವಿದ್ಯೆ ಅಲ್ಲಿ ಉಂಟು.

ಆದರೆ ಆ ವಿದ್ಯೆ ಪುಕ್ಕಟೆಯಾಗಿ ದೊರೆಯುವುದಿಲ್ಲ. ಬೆಂಕಿಯ ಗುಣವನ್ನು ಕಲಿಯಬೇಕಾದರೆ ಆ ಗುಣವುಳ್ಳ ಆಯುಧವೊಂದನ್ನು ಸಂಪಾದಿಸಿ, ಮಾಂತ್ರಿಕ ಮೇಜಿನ ಮೇಲಿಟ್ಟು ಅದರ ಮಂತ್ರವನ್ನು ಬಿಡಿಸಬೇಕು. ವಿದ್ಯೆ ಕೈಗೆ ಬರುತ್ತದೆ, ಆಯುಧ ನಾಶವಾಗುತ್ತದೆ. ಬಳಿಕ ಒಂದು ಆತ್ಮಮಣಿ ಬೇಕು. ಮಡಿದ ಜೀವಿಯ ಆತ್ಮವನ್ನು ಹಿಡಿದಿಡುವ ಹರಳು ಅದು. ಅಲ್ಪ ಜೀವಿಯ ಆತ್ಮದಿಂದ ಅಲ್ಪ ಶಕ್ತಿ, ದೊಡ್ಡ ಜೀವಿಯದರಿಂದ ದೊಡ್ಡ ಶಕ್ತಿ. ಮನುಷ್ಯನ ಆತ್ಮವನ್ನು ಹಿಡಿಯಲು ಕಪ್ಪುಮಣಿಯೇ ಆಗಬೇಕು. ಆ ಮಣಿಯನ್ನು ಕೈಗೆತ್ತಿಕೊಳ್ಳುವಾಗ ಆಟಗಾರನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಕವಚಕ್ಕೆ ತುಂಬಿದ ಗುಣ ಶಾಶ್ವತವಾಗಿ ಉಳಿಯುತ್ತದೆ. ಕತ್ತಿಯದು ಹಾಗಲ್ಲ. ಪ್ರತಿಯೊಂದು ಏಟಿಗೂ ಅದರ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಕರಗಿ, ಕೊನೆಗೆ ಅದು ಬರಿಯ ಕಬ್ಬಿಣವಾಗಿ ಉಳಿಯುತ್ತದೆ. ಮತ್ತೆ ತುಂಬಲು ಮತ್ತೊಂದು ಮಣಿಯೇ ಬೇಕು.

ಎಲ್ಲವನ್ನೂ ಕಲ್ಪನೆಯಿಂದಲೇ ಕಟ್ಟಿದವರು ಶಕ್ತಿಯನ್ನು ಧಾರಾಳವಾಗಿ ಕೊಡಬಹುದಾಗಿತ್ತಲ್ಲ, ಇಷ್ಟೊಂದು ಕಟ್ಟುಪಾಡುಗಳೇಕೆ? ಇದಕ್ಕೆ ಆಟಗಾರರೇ ತಿಳಿಯದೆ ಉತ್ತರ ಕಂಡುಹಿಡಿದರು. ಆಟದ ರಚನೆಯಲ್ಲಿ ಒಂದು ಬಿರುಕು ಇತ್ತು. ಔಷಧ ತಯಾರಿಸುವ ಕೌಶಲವನ್ನು ಹೆಚ್ಚಿಸುವ ಉಡುಪನ್ನು ತೊಟ್ಟು ಒಂದು ಬಗೆಯ ಔಷಧವನ್ನು ಕಾಯಿಸಿ ಕುಡಿದರೆ, ಆ ಉಡುಪಿನ ಗುಣವೇ ಹೆಚ್ಚುತ್ತಿತ್ತು. ಹೆಚ್ಚಿದ ಗುಣದಿಂದ ಇನ್ನೂ ಪ್ರಬಲವಾದ ಔಷಧ, ಅದರಿಂದ ಇನ್ನೂ ಪ್ರಬಲವಾದ ಉಡುಪು. ಹೀಗೆ ಸುತ್ತಿ ಸುತ್ತಿ ಕತ್ತಿಯ ಶಕ್ತಿಯನ್ನು ಲಕ್ಷಗಟ್ಟಲೆ ಏರಿಸಿದವರುಂಟು. ಆಗ ಡ್ರ್ಯಾಗನ್ ಒಂದೇ ಏಟಿಗೆ ಉರುಳುತ್ತದೆ. ಮೊದಲ ದಿನ ಅದು ಸೋಜಿಗ. ಎರಡನೆಯ ದಿನಕ್ಕೆ ಮಾಡಲು ಕೆಲಸವೇ ಇಲ್ಲ.

ಆಯುಧದ ಶಕ್ತಿಗೆ ಮಿತಿಯಿರಬೇಕೆಂಬ ಈ ಮಾತು ಮಹಾಭಾರತದ ಓದುಗರಿಗೆ ಹೊಸದಲ್ಲ. ರಾಜಾಜಿನಗರಕ್ಕೆ ಯಾರ ಹೆಸರು ಬಂದಿದೆಯೋ ಆ ರಾಜಗೋಪಾಲಾಚಾರಿಯವರು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಮರಳಿ ಹೇಳಿದ ಕಥೆ ಅದು. ಅದರಲ್ಲಿ ಬರುವ ದಿವ್ಯಾಸ್ತ್ರಗಳನ್ನು ಒಂದೊಂದಾಗಿ ನೋಡಿದರೆ, ಷರತ್ತಿಲ್ಲದ ಅಸ್ತ್ರ ಸಿಕ್ಕುವುದು ಕಷ್ಟ. ಕರ್ಣನು ಹುಟ್ಟಿನಿಂದಲೇ ಮೈಗೆ ಅಂಟಿಬಂದ ಕವಚಕುಂಡಲಗಳನ್ನು, ಸೂರ್ಯನೇ ಎಚ್ಚರಿಸಿದ್ದರೂ, ಬ್ರಾಹ್ಮಣವೇಷದ ಇಂದ್ರನಿಗೆ ಕತ್ತರಿಸಿಕೊಟ್ಟನು. ಅದಕ್ಕೆ ಪ್ರತಿಯಾಗಿ ದೊರೆತ ಶಕ್ತ್ಯಾಯುಧ ಅಮೋಘವಾದುದು. ಆದರೆ ಒಬ್ಬನ ಮೇಲೆ, ಒಂದೇ ಸಲ. ಅರ್ಜುನನಿಗಾಗಿ ಕಾದಿರಿಸಿದ್ದ ಅದನ್ನು ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಪ್ರಯೋಗಿಸಬೇಕಾಯಿತು. ತನ್ನ ಪಡೆಯ ಮಗನೊಬ್ಬ ಸತ್ತು ಬಿದ್ದಾಗ ಕೃಷ್ಣನೇಕೆ ಹರ್ಷಿಸಿದನೆಂಬುದು ಆಯುಧದ ಈ ನಿಯಮವನ್ನು ಬಲ್ಲವನಿಗೆ ಮಾತ್ರ ಅರ್ಥವಾದೀತು. ಸುಳ್ಳು ಹೇಳಿ ಪರಶುರಾಮನಿಂದ ಕಲಿತ ಬ್ರಹ್ಮಾಸ್ತ್ರದ ಮಂತ್ರವು ಕೊನೆಗಾಲದಲ್ಲಿ ಮರೆತುಹೋಗಲೆಂಬ ಶಾಪವೂ ಕರ್ಣನಿಗಿತ್ತು. ಗುರಿ ತಪ್ಪಿ ಮರಳಿ ಬಂದ ಸರ್ಪವು ತನ್ನನ್ನು ಇನ್ನೊಮ್ಮೆ ಪ್ರಯೋಗಿಸೆಂದು ಕೇಳಿದಾಗ ಅವನು ಒಪ್ಪಲಿಲ್ಲ. ಆ ಮಿತಿಯನ್ನು ಅವನ ಮೇಲೆ ಹೇರಿದವರು ಯಾರೂ ಅಲ್ಲ, ಅವನೇ ಹಾಕಿಕೊಂಡದ್ದು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಪಂಪ ಅರ್ಜುನನನ್ನೇ ನಾಯಕನನ್ನಾಗಿ ಆರಿಸಿಕೊಂಡಿದ್ದರೂ ಕರ್ಣನಿಗೆ ಮನಸೋತನು.

ಅಶ್ವತ್ಥಾಮನ ಪ್ರಸಂಗ ಇದಕ್ಕಿಂತ ಭೀಕರ. ಅವನೂ ಅರ್ಜುನನೂ ಮಹಾಸ್ತ್ರಗಳನ್ನು ಬಿಟ್ಟಾಗ ಋಷಿಗಳು ನಡುವೆ ಬಂದು ಹಿಂತೆಗೆದುಕೊಳ್ಳಿರೆಂದರು. ಅರ್ಜುನ ಹಿಂತೆಗೆದುಕೊಂಡನು. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತು, ಹಿಂತೆಗೆಯುವುದು ಸಾಧ್ಯವಾಗಲಿಲ್ಲ. ಅದು ಉತ್ತರೆಯ ಗರ್ಭದತ್ತ ತಿರುಗಿತು.

ಕಥೆಯ ಮಂತ್ರವನ್ನು ಬಿಟ್ಟು ಕುಲುಮೆಗೆ ಬಂದರೆ ಅಲ್ಲಿಯೂ ಇದೇ ಲೆಕ್ಕ ಎದುರಾಗುತ್ತದೆ. ಕನ್ನಡದಲ್ಲಿ ‘ಹದ’ ಎಂಬ ಒಂದೇ ಮಾತು ಬೆಲ್ಲದ ಪಾಕಕ್ಕೂ, ಬಿತ್ತನೆಯ ಮಣ್ಣಿಗೂ, ಉಕ್ಕಿನ ಅಲಗಿಗೂ ಸಲ್ಲುತ್ತದೆ. ಸುಮಾರು 0.8 ಶೇಕಡಾ ಇಂಗಾಲವುಳ್ಳ ಉಕ್ಕಿನ ಉಳಿಯನ್ನು 780 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಿಸಿ, ಕೆಂಪಗಿರುವಾಗಲೇ ನೀರಿನಲ್ಲಿ ಅದ್ದಿದರೆ, ಇಂಗಾಲದ ಕಣಗಳು ಕಬ್ಬಿಣದ ಕಣಜಾಲದೊಳಗೆ ಸೆರೆಯಾಗಿಬಿಡುತ್ತವೆ. ಉಳಿ ಎಷ್ಟು ಗಡಸಾಗುತ್ತದೆಂದರೆ ಅರ ಹಾಕಿದರೆ ಅರವೇ ಜಾರುತ್ತದೆ. ಆದರೆ ಅಂಥ ಉಳಿಗೆ ಸುತ್ತಿಗೆಯ ಏಟು ಬಿದ್ದರೆ ಅದು ಗಾಜಿನಂತೆ ಮುರಿಯಬಹುದು. ಆದಕಾರಣ ಅದನ್ನು ಉಜ್ಜಿ ಬೆಳಗಿಸಿ, ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಮೈಮೇಲೆ ಬಣ್ಣಗಳು ಮೂಡತೊಡಗುತ್ತವೆ: 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, ಬಳಿಕ ಕಂದು, 275ರ ಸುಮಾರಿಗೆ ನೇರಳೆ, 300ರ ಸುಮಾರಿಗೆ ನೀಲಿ. ಹೆರೆಯುವ ಅಲಗಿಗೆ ಹಳದಿ ಸಾಕು, ಏಟು ತಿನ್ನುವ ಉಳಿಗೆ ನೇರಳೆ, ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ. ಬಣ್ಣ ಮುಂದೆ ಸರಿದಂತೆಲ್ಲ ಗಡಸುತನ ಇಳಿಯುತ್ತದೆ, ತಾಳಿಕೆ ಏರುತ್ತದೆ. ಎರಡನ್ನೂ ಪೂರ್ಣವಾಗಿ ಪಡೆಯುವ ಉಪಾಯವನ್ನು ಯಾವ ಕಮ್ಮಾರನೂ ಕಾಣಲಿಲ್ಲ. ಈಗ ವಿದ್ಯುತ್ ಕುಲುಮೆಗಳಲ್ಲಿ ಉಷ್ಣತೆಯನ್ನು ಮಾಪಕಗಳು ತೋರಿಸುತ್ತವೆ; ಹಿಂದೆ ಈ ನಿರ್ಣಯವೆಲ್ಲ ಕಣ್ಣಿನದು.

ಆ ಕಣ್ಣಿನ ವಿದ್ಯೆಗೆ ಈ ನೆಲದಲ್ಲಿ ದೊಡ್ಡ ಪರಂಪರೆ ಇದೆ. ಪಶ್ಚಿಮ ಬೆಂಗಳೂರನ್ನು ಸೀಳಿಕೊಂಡು ಹೋಗುವ ಮಾಗಡಿ ರಸ್ತೆ ತಲುಪುವ ಸೀಮೆಯಲ್ಲಿ ಒಂದು ಕಾಲಕ್ಕೆ ಉಕ್ಕನ್ನು ತಯಾರಿಸುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕ್ರಮವನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕರಗಿಸುತ್ತಿದ್ದರು. ಸೊಪ್ಪು ಸೌದೆಗಳ ಇಂಗಾಲ ಕಬ್ಬಿಣವನ್ನು ಹೊಕ್ಕು ಉಕ್ಕಾಗುತ್ತಿತ್ತು. ಐರೋಪ್ಯರು ಇದನ್ನು ‘ವುಟ್ಜ್’ ಎಂದು ಕರೆದರು. ಅದು ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಇಂಥ ಉಕ್ಕಿನ ಕತ್ತಿಗಳ ಮೈಮೇಲೆ ನೀರಿನ ಅಲೆಗಳಂತಹ ಗೆರೆಗಳಿರುತ್ತಿದ್ದವು. ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೂ 1819ರಲ್ಲಿ ಇದನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಮ್ ಮತ್ತು ಸಿಲಿಕಾನ್‌ಗಳ ಅಂಶ ಕಾರಣವಿರಬೇಕೆಂದು ಊಹಿಸಿದನು. ಊಹೆ ತಪ್ಪಾಗಿತ್ತು, ಮುಖ್ಯ ಕಾರಣ ಇಂಗಾಲವೇ. ಮೂಸೆಯಲ್ಲಿ ತಂಗಡಿಯ ಕಡ್ಡಿಯನ್ನಿಟ್ಟವರಿಗೆ ಇಂಗಾಲದ ಹೆಸರು ತಿಳಿದಿರಲಿಲ್ಲ, ಎಷ್ಟು ಇಡಬೇಕೆಂಬುದು ತಿಳಿದಿತ್ತು. ಹೆಚ್ಚಾದರೆ ಉಕ್ಕು ಸುತ್ತಿಗೆಯ ಕೆಳಗೆ ಒಡೆದುಹೋಗುತ್ತಿತ್ತು, ಕಡಮೆಯಾದರೆ ಅಲಗು ಹರಿತವನ್ನು ಹಿಡಿಯುತ್ತಿರಲಿಲ್ಲ.

ಹಬ್ಬ ಮುಗಿದು ಕೆಲಸ ಮೊದಲಾಗುವ ಬೆಳಿಗ್ಗೆ ರಾಜಾಜಿನಗರದ ಕಾರ್ಮಿಕನು ಮೊದಲು ಬಾಡಿದ ಹಾರವನ್ನು ತೆಗೆಯುತ್ತಾನೆ. ಲೇತ್‌ನ ತಲೆಯ ಮೇಲಿನ ಕುಂಕುಮ ಹಾಗೆಯೇ ಇರುತ್ತದೆ. ಉಳಿ ಜಾರುವ ಹಾಸನ್ನೂ ವರ್ನಿಯರಿನ ದವಡೆಗಳನ್ನೂ ಮಾತ್ರ ಅವನು ಎಣ್ಣೆಬಟ್ಟೆಯಿಂದ ಒರೆಸುತ್ತಾನೆ. ಅಲ್ಲಿ ಒಂದು ಕಣ ಪುಡಿ ಉಳಿದರೂ ಅಳತೆ ತಪ್ಪುತ್ತದೆ.