ಒಣದ್ರಾಕ್ಷಿ, ಹುಣಸೆಹಣ್ಣು ಮತ್ತು ನಮ್ಮ ಮನೆಯ ನಾಯಿ



ಒಶಾವಾ, ವಿಟ್ಬಿ, ಏಜಾಕ್ಸ್ ಕಡೆಯ ನಮ್ಮವರ ಮನೆಗಳಲ್ಲಿ ನಾಯಿ, ಬೆಕ್ಕು ಸಾಕಿಕೊಂಡವರು ಇದ್ದೀರಿ. ಬಹಳ ಕಡೆ ಅವು ಮಕ್ಕಳ ಹಠಕ್ಕೆ ಬಂದಂಥವು. ಬಂದ ಮೇಲೆ ಮಕ್ಕಳು ಸ್ಕೂಲಿಗೆ, ದೊಡ್ಡವರು ಕೆಲಸಕ್ಕೆ. ಹಗಲೆಲ್ಲ ಅವುಗಳ ಜೊತೆ ಇರುವವರು ಊರಿನಿಂದ ಆರು ತಿಂಗಳಿಗೆಂದು ಬಂದ ಅಜ್ಜ, ಅಜ್ಜಿ! ಆದ್ದರಿಂದ ಈ ಲೇಖನ ನಾಯಿ ತಂದವರಿಗಿಂತ ಹಿರಿಯರಿಗೇ ಹೆಚ್ಚು ಉಪಯೋಗವಾದೀತು. ದಯವಿಟ್ಟು ಪ್ರಿಂಟ್ ತೆಗೆದು ಅವರ ಕೈಗೆ ಕೊಡಿ. ಇದು ಪಶುವೈದ್ಯರ ಸಲಹೆಗೆ ಬದಲಿ ಅಲ್ಲ. ಯಾವಾಗ ಅವರ ಬಳಿಗೆ ಓಡಬೇಕು ಎಂದು ತಿಳಿಯುವುದಕ್ಕೆ ಮಾತ್ರ.

ಊರಿನಲ್ಲಿ "ದನದ ಡಾಕ್ಟರು" ಅಂದರೆ ಒಬ್ಬರೇ. ಹಸು ಕರು ಹಾಕುವುದರಿಂದ ಹಿಡಿದು ನಾಯಿಯ ಕಜ್ಜಿಯವರೆಗೆ ಎಲ್ಲಕ್ಕೂ ಅವರೇ. ಇಲ್ಲಿ ಎರಡು ಬಗೆ. ವ್ಯಾಕ್ಸಿನ್, ವರ್ಷದ ತಪಾಸಣೆ ಮಾಡುವ ಮಾಮೂಲಿ ಕ್ಲಿನಿಕ್ ಒಂದು. ರಾತ್ರಿ, ಭಾನುವಾರ, ಹಬ್ಬದ ದಿನ ತೆರೆದಿರುವ ಎಮರ್ಜೆನ್ಸಿ ಆಸ್ಪತ್ರೆ ಇನ್ನೊಂದು. ಮಾಮೂಲಿ ಕ್ಲಿನಿಕ್‌ಗಳು ಹೆಚ್ಚಾಗಿ ಸಂಜೆಗೇ ಮುಚ್ಚುತ್ತವೆ. ಆದರೂ ಅಲ್ಲಿಗೆ ಫೋನ್ ಮಾಡಿದರೆ ಯಾವ ಎಮರ್ಜೆನ್ಸಿ ಆಸ್ಪತ್ರೆಗೆ ಹೋಗಬೇಕೆಂದು ರೆಕಾರ್ಡ್ ಮಾಡಿದ ಸಂದೇಶದಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಆ ಸಂದೇಶವನ್ನು ಇವತ್ತೇ ಒಮ್ಮೆ ಕೇಳಿ, ಹೆಸರು, ವಿಳಾಸ ಬರೆದು ಫ್ರಿಜ್ ಮೇಲೆ ಅಂಟಿಸಿಡಿ. ರಾತ್ರಿ ಎರಡು ಗಂಟೆಗೆ ನಾಯಿ ಒದ್ದಾಡುತ್ತಿರುವಾಗ ಹುಡುಕುವ ಕೆಲಸ ಬೇಡ.

ಈಗ ಮುಖ್ಯ ವಿಷಯ, ನಮ್ಮ ಅಡುಗೆಮನೆ. ಇಲ್ಲಿನ ಪುಸ್ತಕಗಳು, ಕ್ಲಿನಿಕ್ಕಿನ ಕರಪತ್ರಗಳು ಚಾಕೊಲೇಟ್ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ನಮ್ಮ ಮನೆಗಳಲ್ಲಿ ಅದಕ್ಕಿಂತ ಹತ್ತಿರದ ಅಪಾಯ ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಯೋಚಿಸಿ ನೋಡಿ: ಕೇಸರಿಬಾತ್, ಶಾವಿಗೆ ಪಾಯಸ, ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದ, ಹಬ್ಬದ ಲಾಡು, ಎಲ್ಲದರಲ್ಲೂ ಒಣದ್ರಾಕ್ಷಿ. ನಾಯಿಗೆ ಮೊಸರನ್ನ ಹಾಕುವುದು ನಮ್ಮಲ್ಲಿ ತಲೆತಲಾಂತರದ ಅಭ್ಯಾಸ. ಬರೀ ಅನ್ನ, ಮೊಸರು ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ. ಆದರೆ ನಾವು ನೆಂಟರಿಗೆಂದು ಕಲಸುವ ಮೊಸರನ್ನದಲ್ಲಿ ಹಸಿ ದ್ರಾಕ್ಷಿಯೂ ಇರುತ್ತದಲ್ಲ! "ಪಾಪ, ನೋಡ್ತಾ ಕೂತಿದೆ, ಒಂದು ತುತ್ತು ಹಾಕು" ಎನ್ನುವಾಗ ಆ ತುತ್ತಿನಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಪ್ರಸಾದವಂತೂ ಇಲ್ಲ ಎನ್ನಲು ಮನಸ್ಸೇ ಬರುವುದಿಲ್ಲ.

ದ್ರಾಕ್ಷಿ ತಿಂದರೆ ಕೆಲವು ನಾಯಿಗಳ ಕಿಡ್ನಿ ಕೆಲಸ ನಿಲ್ಲಿಸುತ್ತದೆ ಎಂಬುದು ಎರಡು ದಶಕಗಳಿಂದ ವೈದ್ಯರಿಗೆ ಗೊತ್ತು. ಏಕೆ ಎಂಬುದೇ ಬಹಳ ಕಾಲ ಒಗಟಾಗಿತ್ತು. ಒಂದು ನಾಯಿ ಗೊಂಚಲು ತಿಂದೂ ಆರಾಮವಾಗಿರುತ್ತದೆ, ಇನ್ನೊಂದು ನಾಲ್ಕೇ ನಾಲ್ಕು ತಿಂದು ಆಸ್ಪತ್ರೆ ಸೇರುತ್ತದೆ. ಬಿಡಿಸಲು ಸಿಕ್ಕ ಎಳೆ ದ್ರಾಕ್ಷಿಯದೇ ಅಲ್ಲ, ಮಕ್ಕಳಾಡುವ ಹಿಟ್ಟಿನದು. ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ಸಹಾಯವಾಣಿಯ ವೈದ್ಯರಿಗೆ, ಮನೆಯಲ್ಲೇ ಮಾಡಿದ ಪ್ಲೇ-ಡೋ ತಿಂದ ನಾಯಿಯಲ್ಲಿ ದ್ರಾಕ್ಷಿ ತಿಂದ ನಾಯಿಯದ್ದೇ ಲಕ್ಷಣಗಳು ಕಂಡವು. ಆ ಹಿಟ್ಟಿಗೆ ಹಾಕುವ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲೂ ಅದೇ ಆಮ್ಲ. ತಳಿ, ಬೆಳೆದ ಜಾಗ, ಮಾಗಿದ ಹದ ಬದಲಾದಂತೆ ಅದರ ಪ್ರಮಾಣವೂ ಬದಲಾಗುತ್ತದೆ. ಒಂದು ನಾಯಿಗೆ ಏನೂ ಆಗದೆ ಇನ್ನೊಂದಕ್ಕೆ ಆಗುವುದೇಕೆ ಎಂಬುದಕ್ಕೂ ಇದರಿಂದ ಉತ್ತರ ಸಿಕ್ಕಂತಾಯಿತು. 2021ರಲ್ಲಿ ಅವರು ಇದನ್ನು ಪಶುವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಟಾರ್ಟಾರಿಕ್ ಆಮ್ಲವೇ ಕಾರಣ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ.

ಅದರ ಮುಂದಿನ ವರದಿ ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಕ್ರೀಮ್ ಆಫ್ ಟಾರ್ಟರ್ ಜೊತೆಗೆ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ವಿವರವೂ ಇದೆ! ಹುಣಸೆಯ ಹುಳಿಗೆ ಮುಖ್ಯ ಕಾರಣ ಇದೇ ಆಮ್ಲ. ದ್ರಾಕ್ಷಿಗಿಂತ ಹಲವು ಪಟ್ಟು ಹೆಚ್ಚೇ ಇರುತ್ತದೆ. ಇಲ್ಲಿನ ಬೇರೆ ಮನೆಗಳ ಕಪಾಟಿನಲ್ಲಿ ಹುಣಸೆ ಇರುವುದಿಲ್ಲ, ಹಾಗಾಗಿ ಕರಪತ್ರಗಳಲ್ಲೂ ಅದರ ಹೆಸರು ಅಪರೂಪ. ನಮ್ಮ ಮನೆಯಲ್ಲಿ ಹುಣಸೆ ಇಲ್ಲದ ದಿನ ಉಂಟೇ? ಕೆಳಗೆ ಚೆಲ್ಲಿದ ಸಾರಿನ ಎರಡು ತೊಟ್ಟು ನೆಕ್ಕಿತೆಂದು ಗಾಬರಿಯಾಗಬೇಕಿಲ್ಲ, ಅದರಲ್ಲಿ ಹುಳಿ ತೆಳುವಾಗಿರುತ್ತದೆ. ಪ್ಯಾಕೆಟ್ಟಿನ ಹುಣಸೆ ಉಂಡೆ, ಪುಳಿಯೋಗರೆ ಗೊಜ್ಜಿನ ಬಾಟಲಿ, ಕಿವುಚಿ ಸಿಂಕಿನ ಪಕ್ಕ ಇಟ್ಟ ಹಿಪ್ಪೆ, ಇವು ಬಾಯಿಗೆ ಬಿದ್ದರೆ ಫೋನ್ ಮಾಡಲೇಬೇಕು. "ಟ್ಯಾಮರಿಂಡ್" ಎಂದು ಹೇಳಿ, ಜೊತೆಗೆ "ಟಾರ್ಟಾರಿಕ್ ಆಸಿಡ್" ಎನ್ನುವುದನ್ನೂ ಸೇರಿಸಿ. ಹುಣಸೆಯನ್ನೇ ಬಳಸದವರಿಗೂ ಆಗ ತಕ್ಷಣ ಅರ್ಥವಾಗುತ್ತದೆ.

ತಿಂದ ಮೇಲೆ ಏನಾಗುತ್ತದೆ? ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ, ಊಟ ಬೇಡ, ಮೂಲೆಯಲ್ಲಿ ಮುದುರಿ ಮಲಗುವುದು. ಒಂದರಿಂದ ಮೂರು ದಿನಗಳಲ್ಲಿ ಕಿಡ್ನಿ ಸೋಲುತ್ತದೆ, ಮೂತ್ರ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಆ ಹಂತಕ್ಕೆ ಹೋದ ಮೇಲೆ ಉಳಿಸುವುದು ಕಷ್ಟ. ತಿಂದ ಒಂದೆರಡು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದರೆ ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸುತ್ತಾರೆ, ಬೇಕಾದರೆ ಎರಡು ದಿನ ಡ್ರಿಪ್ ಹಾಕಿ ರಕ್ತ ಪರೀಕ್ಷೆ ಮಾಡುತ್ತಾ ಇರುತ್ತಾರೆ. ಆದ್ದರಿಂದ "ನೋಡೋಣ, ಸಂಜೆ ಮಗ ಬರಲಿ" ಎಂದು ಕಾಯಬೇಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಇಲ್ಲಿ ಬೇಡವೇ ಬೇಡ. ರಕ್ತದಲ್ಲಿ ಉಪ್ಪು ಏರಿ ಅದರಿಂದಲೇ ನಾಯಿ ಸಾಯಬಹುದು.

ಈರುಳ್ಳಿ, ಬೆಳ್ಳುಳ್ಳಿ ಇನ್ನೊಂದು ಬಗೆ. ಇವು ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ನಾಯಿಗೆ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಬೆಕ್ಕಿಗೆ ಕೇವಲ 5 ಗ್ರಾಂ. ಅಂದರೆ ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ, ಒಂದು ಸಣ್ಣ ಹೋಳು. ತಿಂದ ದಿನ ಏನೂ ಕಾಣದೆ, ಮೂರು ನಾಲ್ಕು ದಿನದ ಮೇಲೆ ವಸಡು ಬಿಳಿಚಿ, ಮೂತ್ರ ಕೆಂಪಗಾಗುವುದರಿಂದ ಯಾರಿಗೂ ಈರುಳ್ಳಿಯ ನೆನಪೇ ಬರುವುದಿಲ್ಲ. ವೈದ್ಯರು "ಏನು ತಿಂದಿತ್ತು?" ಎಂದು ಕೇಳಿದಾಗ ಇವತ್ತಿನದನ್ನಲ್ಲ, ವಾರದ ಊಟವನ್ನು ನೆನಪು ಮಾಡಿಕೊಂಡು ಹೇಳಿ.

ಚಾಕೊಲೇಟ್ ಲೆಕ್ಕ ಮಕ್ಕಳಿಗೆ ಮಾಡಲು ಕೊಡಿ. ಅದರ ವಿಷದ ಹೆಸರು ಥಿಯೋಬ್ರೊಮಿನ್. ಮಿಲ್ಕ್ ಚಾಕೊಲೇಟ್ ಗ್ರಾಂಗೆ ಸುಮಾರು 2 ಮಿಲಿಗ್ರಾಂ, ಡಾರ್ಕ್ ಸುಮಾರು 5. ನಾಯಿಯ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದರೆ ವಾಂತಿ, ಚಡಪಡಿಕೆ, 40 ದಾಟಿದರೆ ಹೃದಯಕ್ಕೆ ತೊಂದರೆ, 60ಕ್ಕೆ ಫಿಟ್ಸ್. 100 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದ 5 ಕಿಲೋ ನಾಯಿಗೆ ಎಷ್ಟಾಯಿತು? 30 ಕಿಲೋ ಲ್ಯಾಬ್ರಡಾರ್‌ಗೆ ಎಷ್ಟು? ಗಣಿತದ ಹೋಂವರ್ಕ್‌ಗಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ಸಕ್ಕರೆ ಕಾಯಿಲೆ ಇರುವ ಹಿರಿಯರ ಕೈಚೀಲದಲ್ಲಿ ಶುಗರ್‌ಲೆಸ್ ಚ್ಯೂಯಿಂಗ್ ಗಮ್, ಮಿಠಾಯಿ ಇದ್ದರೆ ಅದರ ಮೇಲೆ "ಜೈಲಿಟಾಲ್" ಅಥವಾ "ಬರ್ಚ್ ಶುಗರ್" ಎಂದು ಬರೆದಿದೆಯೇ ನೋಡಿ. ನಮಗೆ ನಿರಪಾಯಕಾರಿ. ನಾಯಿಗೆ ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿದು ಬಿದ್ದುಬಿಡಬಹುದು, ಯಕೃತ್ತೂ ಕೆಡಬಹುದು. ದೇವರ ಮನೆಯ ಕರ್ಪೂರ, ಸೀರೆಗಳ ನಡುವಿನ ನುಸಿಗುಳಿಗೆ, ಎರಡೂ ವಿಷವೇ. ಮಂಡಿನೋವಿನ ಮಾತ್ರೆಗಳನ್ನು ಮಂಚದ ಪಕ್ಕ ಇಡುವ ಅಭ್ಯಾಸ ಬಿಡಿ. ಕುಂಟುತ್ತಿರುವ ಬೆಕ್ಕಿಗೆ ಕನಿಕರದಿಂದ ಅರ್ಧ ಟೈಲೆನಾಲ್ ಕೊಟ್ಟರೆ ಅದರ ಪ್ರಾಣವೇ ಹೋದೀತು. ನಮ್ಮ ಕ್ರೋಸಿನ್, ಡೋಲೋ ಕೂಡ ಅದೇ ಔಷಧಿ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವಿನ ಗುಚ್ಛ ಬಂದರೆ ಒಳಗೆ ತರಬೇಡಿ. ಎಲೆ, ಪರಾಗ, ಹೂದಾನಿಯ ನೀರು ಯಾವುದಾದರೂ ಸರಿ, ಬೆಕ್ಕಿನ ಕಿಡ್ನಿ ಕೆಡಿಸಲು ಸಾಕು.

ತಿಂದದ್ದರಿಂದ ಅಲ್ಲದೆ ತಾನಾಗಿಯೇ ಬರುವ ಎರಡು ಎಮರ್ಜೆನ್ಸಿಗಳನ್ನು ಹಿರಿಯರು ಗುರುತಿಸಲು ಕಲಿಯಬೇಕು. ಮೊದಲನೆಯದು ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು. ಮತ್ತೆ ಮತ್ತೆ ಮರಳಿನ ಡಬ್ಬಿಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಅರಚುತ್ತದೆ, ಏನೂ ಬರುವುದಿಲ್ಲ. ನೋಡಿದವರು ಮಲಬದ್ಧತೆ ಎಂದುಕೊಳ್ಳುತ್ತಾರೆ. ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನಗಳಲ್ಲಿ ಹೃದಯ ನಿಲ್ಲುತ್ತದೆ. ಬೆಳಿಗ್ಗೆಯವರೆಗೆ ಕಾಯುವಂಥದ್ದಲ್ಲ. ಎರಡನೆಯದು ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವುದು. ವಾಂತಿಗೆ ಪ್ರಯತ್ನಿಸುತ್ತದೆ ಆದರೆ ಬರೀ ಜೊಲ್ಲು, ಹೊಟ್ಟೆ ತಮಟೆಯಂತೆ ಬಿಗಿ, ಕೂರಲಾರದು ನಿಲ್ಲಲಾರದು. ಓಮದ ಕಷಾಯ ಕುಡಿಸುತ್ತಾ ಕೂತರೆ ನಾಯಿ ಉಳಿಯುವುದಿಲ್ಲ. ಇದಕ್ಕೆ ಗಂಟೆಗಳ ಲೆಕ್ಕ, ಆಪರೇಶನ್ ಒಂದೇ ದಾರಿ.

ಇನ್ನು ಈ ಊರಿನ ಹವೆಗೆ ಸೇರಿದ್ದು. ಗ್ಯಾರೇಜಿನಲ್ಲಿ ಸೋರಿದ ಆಂಟಿಫ್ರೀಜ್ ಸಿಹಿಯಾಗಿರುತ್ತದೆ, ಸ್ವಲ್ಪ ನೆಕ್ಕಿದರೂ ಮಾರಕ. ಚಳಿಗಾಲದಲ್ಲಿ ಹೊರಗಿನಿಂದ ಬಂದ ಕೂಡಲೇ ಪಾದಕ್ಕಂಟಿದ ರಸ್ತೆಯ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹುಲ್ಲು, ಕಾಡಿನ ದಾರಿಗಳಲ್ಲಿ ಲೈಮ್ ರೋಗ ಹರಡುವ ಉಣುಗುಗಳಿವೆ. ಉಷ್ಣತೆ 4 ಡಿಗ್ರಿ ದಾಟಿದರೆ ಅವು ಎಚ್ಚರ. ಸುತ್ತಾಡಿ ಬಂದ ಮೇಲೆ ಕಿವಿ, ಕಂಕುಳು, ಬೆರಳ ಸಂದು ತಡವಿ ನೋಡಿ. ಗಾಂಜಾ 2018ರ ಅಕ್ಟೋಬರ್‌ನಿಂದ, ಅದರ ತಿನಿಸುಗಳು 2019ರಿಂದ ಕೆನಡಾದಲ್ಲಿ ಕಾನೂನುಬದ್ಧ. ಪಾರ್ಕಿನಲ್ಲಿ ಬಿದ್ದದ್ದನ್ನು ತಿಂದು ತೂರಾಡುವ, ನಿಂತಲ್ಲೇ ಮೂತ್ರ ಸೋರುವ ನಾಯಿಗಳು ಆಸ್ಪತ್ರೆಗಳಿಗೆ ಹೊಸದಲ್ಲ. ಮನೆಯದ್ದೇ ಆಗಿದ್ದರೂ ಮುಚ್ಚಿಡದೆ ಹೇಳಿ. ಅವರು ವೈದ್ಯರು, ಪೊಲೀಸರಲ್ಲ. ಮೂರು ತಿಂಗಳು ತುಂಬಿದ ನಾಯಿ, ಬೆಕ್ಕಿಗೆ ರೇಬೀಸ್ ವ್ಯಾಕ್ಸಿನ್ ಒಂಟಾರಿಯೋದಲ್ಲಿ ಕಾನೂನಿನಂತೆ ಕಡ್ಡಾಯ. 2015ರ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ರಕೂನ್ ರೇಬೀಸ್ ಮತ್ತೆ ಕಾಣಿಸಿಕೊಂಡಿತ್ತು.

ಪೊಟ್ಟಣದ ಆಹಾರವೇ ಹಾಕುತ್ತೇವೆ, ನಮಗೇನು ಭಯ ಎನ್ನುವವರಿಗೆ ಒಂದು ಹಳೆಯ ಸಂಗತಿ. 2007ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಮಿಸಿಸ್ಸಾಗಾದ ಸ್ಟ್ರೀಟ್ಸ್‌ವಿಲ್‌ನ ಮೆನು ಫುಡ್ಸ್ ಕಂಪನಿ ಸುಮಾರು 6 ಕೋಟಿ ಡಬ್ಬಿ, ಪೊಟ್ಟಣಗಳನ್ನು ವಾಪಸ್ ತರಿಸಿಕೊಂಡಿತು. ಉತ್ತರ ಅಮೆರಿಕದಾದ್ಯಂತ ಬೆಕ್ಕು, ನಾಯಿಗಳ ಕಿಡ್ನಿ ಕೆಡುತ್ತಿದ್ದವು. ಚೀನಾದಿಂದ ತರಿಸಿದ ಗೋಧಿಯ ಗ್ಲೂಟೆನ್‌ಗೆ, ಪ್ರೋಟೀನ್ ಹೆಚ್ಚು ಎಂದು ತೋರಿಸಲು, ಮೆಲಮಿನ್ ಬೆರೆಸಿದ್ದರು. ಮೆಲಮಿನ್ ಮತ್ತು ಸಯನ್ಯೂರಿಕ್ ಆಮ್ಲ ಎರಡನ್ನೂ ಬೆಕ್ಕಿನ ಮೂತ್ರಕ್ಕೆ ಸೇರಿಸಿದರೆ ಹರಳುಗಟ್ಟುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದವರು ಗ್ವೆಲ್ಫ್ ವಿಶ್ವವಿದ್ಯಾಲಯದವರು. 1862ರಲ್ಲಿ ಟೊರಾಂಟೊದಲ್ಲಿ ಶುರುವಾಗಿ 1922ರಲ್ಲಿ ಗ್ವೆಲ್ಫ್‌ಗೆ ಹೋದ ಒಂಟಾರಿಯೋ ವೆಟರಿನರಿ ಕಾಲೇಜು ಇರುವುದೂ ಅಲ್ಲೇ. ಆದ್ದರಿಂದ ಡಬ್ಬಿ ಖಾಲಿಯಾಗುವವರೆಗೆ ಅದರ ಲೇಬಲ್, ಲಾಟ್ ನಂಬರ್ ಎಸೆಯಬೇಡಿ.

ಫೋನಿನಲ್ಲಿ ಏನು ಹೇಳಬೇಕು? ಇಂಗ್ಲಿಷ್ ಕಷ್ಟ ಎನ್ನುವ ಅಜ್ಜಿಗೆ ನಾಲ್ಕು ಮಾತು ಸಾಕು: "ಎಮರ್ಜೆನ್ಸಿ. ಡಾಗ್ ಏಟ್ ರೈಸಿನ್ಸ್. ಟೆನ್ ಕಿಲೋಸ್. ಒನ್ ಅವರ್ ಎಗೋ." ಏನು, ಎಷ್ಟು ತೂಕದ ಪ್ರಾಣಿ, ಯಾವಾಗ. ತೂಕವನ್ನು ಫ್ರಿಜ್ ಮೇಲಿನ ಚೀಟಿಯಲ್ಲೇ ಬರೆದಿಡಿ, ಕರೆದೊಯ್ಯಲು ಒಪ್ಪಿದ ಕಾರಿರುವ ನೆರೆಯವರ ನಂಬರೂ ಇರಲಿ. ತಿಂದ ವಸ್ತುವಿನ ಪ್ಯಾಕೆಟ್ ಜೊತೆಗೆ ಒಯ್ಯಿರಿ. ವಿಷದ ಬಗ್ಗೆ ದಿನದ 24 ಗಂಟೆಯೂ ಸಲಹೆ ಕೊಡುವ ಎರಡು ಸಹಾಯವಾಣಿಗಳಿವೆ: ಎಎಸ್‌ಪಿಸಿಎ 888-426-4435, ಪೆಟ್ ಪಾಯ್ಸನ್ ಹೆಲ್ಪ್‌ಲೈನ್ 855-764-7661. ಇವಕ್ಕೆ ಶುಲ್ಕವಿದೆ, ಕ್ರೆಡಿಟ್ ಕಾರ್ಡ್ ಹತ್ತಿರವಿರಲಿ.

ಆಸ್ಪತ್ರೆಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ನಿಯಮವಿಲ್ಲ, ಉಸಿರಿಗೆ ಕಷ್ಟವಿರುವ ಪ್ರಾಣಿ ಮೊದಲು ಒಳಗೆ ಹೋಗುತ್ತದೆ. ನಿಮ್ಮನ್ನು ಕಾಯಿಸಿದರೆ ಅದು ಒಂದು ಲೆಕ್ಕಕ್ಕೆ ಒಳ್ಳೆಯ ಸುದ್ದಿ! ಪರೀಕ್ಷಿಸಿದ ಮೇಲೆ ಖರ್ಚಿನ ಅಂದಾಜು ಕೊಟ್ಟು ಮುಂಗಡ ಕೇಳುತ್ತಾರೆ. ಒಹಿಪ್ ನಮಗೆ ಮಾತ್ರ, ಪ್ರಾಣಿಗಳಿಗಲ್ಲ. ಆಪರೇಶನ್ ಎಂದರೆ ಸಾವಿರಾರು ಡಾಲರ್. ಅಂದಾಜು ನೋಡಿ ಎದೆ ಒಡೆದುಕೊಳ್ಳುವ ಮುಂಚೆ "ಇದಕ್ಕಿಂತ ಕಡಿಮೆಯಲ್ಲಿ ಮಾಡಬಹುದಾದದ್ದು ಏನಿದೆ?" ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಲ್ಲಿ ಅವಮಾನವಿಲ್ಲ, ಹೆಚ್ಚಿನ ವೈದ್ಯರು ಎರಡು ಮೂರು ದಾರಿ ಹೇಳುತ್ತಾರೆ. ಪ್ರಾಣಿಗಳ ಇನ್ಶೂರೆನ್ಸ್ ಮಾಡಿಸುವವರು ಮರಿಯಾಗಿದ್ದಾಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಆದಾಯ ತೀರಾ ಕಡಿಮೆ ಇರುವ ಹಿರಿಯರಿಗೆ, ಅಂಗವೈಕಲ್ಯ ಭತ್ಯೆ ಪಡೆಯುವವರಿಗೆ ನೆರವಾಗಲು ಒಂಟಾರಿಯೋದ ಪಶುವೈದ್ಯರ ಸಂಘ 2002ರಲ್ಲಿ ಸ್ಥಾಪಿಸಿದ ಫಾರ್ಲಿ ಫೌಂಡೇಶನ್ ಇದೆ. ಲಿನ್ ಜಾನ್‌ಸ್ಟನ್ ಅವರ ವ್ಯಂಗ್ಯಚಿತ್ರ ಮಾಲಿಕೆಯಲ್ಲಿ ಮಗುವನ್ನು ನೀರಿನಿಂದ ಉಳಿಸಿದ ನಾಯಿಯ ಹೆಸರು ಅದು. ಅರ್ಜಿ ಹಾಕುವವರು ನೀವಲ್ಲ, ನಿಮ್ಮ ಪಶುವೈದ್ಯರು. ಆದ್ದರಿಂದ ಕೌಂಟರಿನಲ್ಲೇ ಕೇಳಿ.