ಬೀಟೆ ಮರದ ಇನ್‌ಲೇ: ಪಾಲಿಷ್ ಆಯ್ಕೆ ಮತ್ತು ವೆಚ್ಚದ ಲೆಕ್ಕ

ಮೈಸೂರಿನ ಬೀಟೆ ಮರದ ಇನ್‌ಲೇ ಫಲಕಗಳಲ್ಲಿ ಹಿನ್ನೆಲೆಯ ಮರದ ಗೆರೆಗಳೇ ಅನೇಕ ವೇಳೆ ಆಕಾಶವಾಗಿಯೂ ನೀರಾಗಿಯೂ ತೋರುತ್ತವೆ. ಅವುಗಳನ್ನು ಎದ್ದು ಕಾಣಿಸುವುದು ಅಂತಿಮ ಲೇಪನ. ಅದನ್ನು ಲೀಟರಿನ ದರವೊಂದನ್ನೇ ನೋಡಿ ಆರಿಸುವ ತಯಾರಕರು ನಷ್ಟಕ್ಕೆ ಗುರಿಯಾಗುತ್ತಾರೆ.

ಬೀಟೆಯಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಎಣ್ಣೆ ಆಧಾರಿತ ವಾರ್ನಿಷ್ ಒಣಗುವುದನ್ನು ತಡೆಯುತ್ತವೆ. ನೇರವಾಗಿ ಬಳಿದರೆ ಮೇಲ್ಮೈ ಬಹುದಿನ ಅಂಟಂಟಾಗಿಯೇ ಉಳಿಯಬಹುದು. ಸುತ್ತಿದ ಕಾಗದ ಅಂಟಿಕೊಂಡ ಸರಕನ್ನು ಯಾವ ಗ್ರಾಹಕನೂ ಸ್ವೀಕರಿಸಲಾರ.

ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಷ್‌ಗೆ ಈ ತೊಡಕಿಲ್ಲ. ಅದು ಬೇಗ ಒಣಗಿ ಗೆರೆಗಳಿಗೆ ಆಳವನ್ನು ನೀಡುತ್ತದೆ. ಆದರೆ ಸ್ಪಿರಿಟ್ ಬೀಟೆಯ ಬಣ್ಣವನ್ನೂ ಕರಗಿಸುವುದರಿಂದ, ಮೊದಲ ಕೈಯನ್ನು ಬಟ್ಟೆಯಿಂದ ತಿಕ್ಕಿದರೆ ಆ ಬಣ್ಣ ಪಕ್ಕದ ತಿಳಿ ಮರಕ್ಕೆ ಹರಡಿ ಇಡೀ ಕುಸುರಿ ಕೆಡುತ್ತದೆ. ಮೊದಲೆರಡು ಕೈಗಳನ್ನು ತೆಳುವಾಗಿ ಸಿಂಪಡಿಸುವುದೇ ಕ್ಷೇಮ.

ಗೋಡೆಯ ಫಲಕಕ್ಕೆ ಇಷ್ಟು ಸಾಕು. ಟೀಪಾಯಿಗೆ ಸಾಲದು, ಏಕೆಂದರೆ ಅರಗು ಬಿಸಿ ಲೋಟವನ್ನೂ ನೀರನ್ನೂ ತಾಳದು. ಅಲ್ಲಿ ಅರಗಿನ ಮೇಲೆ ಪಿಯು ಲೇಪನ ಅಗತ್ಯ. ಅಡಿಯ ಅರಗು ಮೇಣ ತೆಗೆದದ್ದಾಗಿರಬೇಕು. ಇಲ್ಲವಾದಲ್ಲಿ ಪಿಯು ಸರಿಯಾಗಿ ಹಿಡಿಯದು.

ವೆಚ್ಚವನ್ನು ಚದರ ಅಡಿಗೆ ಲೆಕ್ಕ ಹಾಕತಕ್ಕದ್ದು: ಕೈಗಳ ಸಂಖ್ಯೆ, ಪ್ರತಿ ಕೈಯ ಕೂಲಿ, ಒಣಗುವ ದಿನಗಳಲ್ಲಿ ಸಿಕ್ಕಿಕೊಂಡ ಬಂಡವಾಳದ ಬಡ್ಡಿ, ತಿರಸ್ಕೃತ ಸರಕು. ಲೀಟರಿಗೆ ರೂ. 100 ಉಳಿಸಿ, ಕೆಟ್ಟ ಫಲಕವನ್ನು ಮತ್ತೆ ಉಜ್ಜಲು 2 ದಿನಗಳ ಕೂಲಿ ತೆತ್ತರೆ ಉಳಿತಾಯವೆಲ್ಲಿ? ಅದೇ ಹಲಗೆಯ ತುಂಡಿನ ಮೇಲೆ ಮಾಡಿದ ಪ್ರಯೋಗದ ಖರ್ಚನ್ನೂ ಆಯಾ ಆರ್ಡರಿನ ಖಾತೆಗೇ ಹಾಕಿ, ಗ್ರಾಹಕರು ಒಪ್ಪಿದ ತುಂಡನ್ನು ದಿನಾಂಕ ಸಹಿತ ಕಾಯ್ದಿಡಬೇಕು.