ಬೆನ್ನುಹುರಿಯ ರಕ್ಷಣೆ: ಒಂದು ಕಿವಿಮಾತು

ಹನೂರಿನಿಂದ ಮಲೆಮಹದೇಶ್ವರನ ಬೆಟ್ಟಕ್ಕೇರುವ ತಿರುವುದಾರಿಯಲ್ಲಿ ಒಂದೇ ಬೈಕಿನ ಮೇಲೆ ಮೂವರು ಕುಳಿತು ಧಾವಿಸುವ ತರುಣರೂ, ಕೊಳ್ಳೇಗಾಲ, ಯಳಂದೂರುಗಳ ತೋಟಗಳಲ್ಲಿ ಹಗ್ಗದ ಆಸರೆಯಿಲ್ಲದೆ ತೆಂಗನ್ನೋ ಹುಣಿಸೆಯನ್ನೋ ಏರುವ ಶ್ರಮಜೀವಿಗಳೂ ಮನಗಾಣಬೇಕಾದ ಸಂಗತಿಯೊಂದುಂಟು: ನಮ್ಮ ದೇಶದಲ್ಲಿ ವಯಸ್ಕರ ಬೆನ್ನುಹುರಿಗೆ ಒದಗುವ ಆಘಾತಗಳಲ್ಲಿ ಬಹುಪಾಲು ಎತ್ತರದಿಂದ ಬೀಳುವುದರಿಂದಲೂ ರಸ್ತೆಯ ಅಪಘಾತಗಳಿಂದಲೂ ಸಂಭವಿಸತಕ್ಕವು, ಮದ್ಯದ ಅಮಲು ಇವೆರಡನ್ನೂ ಹೆಚ್ಚಿಸುತ್ತದೆ. ಆಳವರಿಯದೆ ಕಾವೇರಿಯ ಮಡುವಿಗೆ ತಲೆಕೆಳಗಾಗಿ ಧುಮುಕಿದವನ ಕತ್ತು ಮುರಿದರೆ ಕೈಕಾಲು ನಾಲ್ಕೂ ಶಾಶ್ವತವಾಗಿ ನಿಶ್ಚೇಷ್ಟಿತವಾಗಬಹುದು. ಮೂಳೆ ಸವೆದ ವೃದ್ಧರಿಗಾದರೋ ಬಚ್ಚಲಲ್ಲಿ ಜಾರಿದ್ದೇ ಸಾಕು. ನನಗೆ ಅತ್ಯಂತ ಕಳವಳ ತರುವುದು ಅನಂತರದ ಅವಸರ: ಬಿದ್ದವರನ್ನು ಕರುಣೆಯಿಂದಲೇ ಆದರೂ ರಟ್ಟೆ ಹಿಡಿದೆತ್ತಿ ಕೂರಿಸದಿರಿ, ಕತ್ತು, ಬೆನ್ನು ಅಲುಗದಂತೆ ಇದ್ದಲ್ಲಿಯೇ ಇರಿಸಿ 108ಕ್ಕೆ ಕರೆಮಾಡಿರಿ.